ಮಾತ್ರೆಗಳ ಅಮಾನತು ಅವಧಿ

ಬೀಗ ಹಾಕಿದ ಗೋದಾಮಿನಲ್ಲಿ ಔಷಧ ಕೆಡುವುದಿಲ್ಲ ಎಂಬುದು ತಿರುವನಂತಪುರದ ಔಷಧ ದಾಸ್ತಾನು ಇಲಾಖೆಯಲ್ಲಿ ಕಳೆದ ಜೂನ್ ಒಂದರಿಂದ ಜಾರಿಗೆ ಬಂದ ಸತ್ಯ. ಅದಕ್ಕೂ ಮೊದಲು ಔಷಧಗಳು ತಮಗೆ ತೋಚಿದ ಹಾಗೆ ಕೆಡುತ್ತಿದ್ದವು.

ನಡೆದದ್ದಿಷ್ಟು. ಇಲಾಖೆಯ ತಗಡು ಮಾಡಿನ ಗೋದಾಮಿಗೆ ದಾಸ್ತಾನು ವಿಭಾಗದವರು ಒಂದು ಬೀಗ ಹಾಕಿದರು, ಕಟ್ಟಡ ವಿಭಾಗದವರು ಇನ್ನೊಂದು. ಯಾರು ಮೊದಲು ತೆಗೆಯಬೇಕೆಂದು ಹನ್ನೊಂದು ತಿಂಗಳು ಪತ್ರವ್ಯವಹಾರ ನಡೆಯಿತು. ಒಳಗೆ, ಫಿಟ್ಸ್ ಬಾರದಂತೆ ನುಂಗುವ ನಾಲ್ಕು ಲಕ್ಷ ಮಾತ್ರೆಗಳು ಒಂದಿಡೀ ಬೇಸಿಗೆ ಬೆಂದವು. ಬಾಗಿಲು ತೆರೆದಾಗ ಅವುಗಳ ವಾಯಿದೆ ಮುಗಿದಿತ್ತು.

ಮಾದರಿ ಕೊಚ್ಚಿಗೆ, ಪಾಲಾರಿವಟ್ಟಂನ ಪ್ರಯೋಗಾಲಯಕ್ಕೆ ಬಂತು. ಪರೀಕ್ಷಿಸಬೇಕಾದವಳು ಮಂಜೇಶ್ವರದ ಜುಬೈದಾ. ಅವಳ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ತ್ರಿಪ್ಪುಣಿತ್ತುರದಲ್ಲಿ ಅವಳು ಬಾಡಿಗೆಗಿದ್ದ ಮನೆಯ ಒಡತಿ ದಾಕ್ಷಾಯಣಿ ಚೇಚಿ, ಎಂದರೆ ದಾಕ್ಷಾಯಣಿ ಅಕ್ಕ, ನುಂಗುತ್ತಿದ್ದುದೂ ಇದೇ ಮಾತ್ರೆ, ಸರಕಾರಿ ಆಸ್ಪತ್ರೆಯಿಂದ ತಂದು. ಹಾಗಾಗಿ ಜುಬೈದಾ ಮೂರು ಸಲ ಪರೀಕ್ಷಿಸಿದಳು. ಮೂರು ಸಲವೂ ನೂರರಲ್ಲಿ ಅರುವತ್ತೆಂಟು ಪಾಲು ಔಷಧ ಮಾತ್ರ ಉಳಿದಿತ್ತು. 'ಸೆಕೆ ಹತ್ತು ಡಿಗ್ರಿ ಏರಿದರೆ ಕೆಡುವ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಹಂಚಬಾರದು' ಎಂದು ಬರೆದು ಕಳಿಸಿದಳು.

ತಿರುವನಂತಪುರದಿಂದ ಉಪನಿರ್ದೇಶಕ ವಿಠಲ ಫೋನು ಮಾಡಿದರು. ಕುಂಬಳೆಯವರು, ಬಲು ಸಜ್ಜನ.

"ಎಂತ ಬರ್ದದ್ದು ಜುಬೈದಾ ಇದು? ವೇಗ ಇಮ್ಮಡಿ ಮಾಡ್ಲಿಕ್ಕೆ ಯಾರು ಪರ್ಮಿಶನ್ ಕೊಟ್ಟದ್ದು?"

"ಅದು ತನ್ನಷ್ಟಕ್ಕೇ ಆಗ್ತದೆ ಸರ್."

"ಎರಡು ಬೀಗ ಇರುವಾಗ?"

"ಬೀಗ ಇದ್ರೂ ಸೆಕೆ ಉಂಟಲ್ಲ ಸರ್."

"ಸೆಕೆಗೆ ನಾವು ನೋಟಿಸು ಕೊಡುವ. ನಿಮ್ಮ ಖಾಯಮಾತಿಯ ಫೈಲೂ ನನ್ನ ಮೇಜಿನಲ್ಲೇ ಉಂಟು, ನೆನಪಿರಲಿ."

ವಾರದೊಳಗೆ ಸುತ್ತೋಲೆ ಹೊರಟಿತು: 'ಅಮಾನತಿನಲ್ಲಿರುವ ನೌಕರನ ಸೇವಾವಧಿ ಲೆಕ್ಕಕ್ಕೆ ಬಾರದಿರುವಂತೆ, ಬೀಗದೊಳಗಿದ್ದ ಮಾತ್ರೆಗಳ ಹನ್ನೊಂದು ತಿಂಗಳೂ ಲೆಕ್ಕಕ್ಕೆ ಬಾರದು. ಸದರಿ ಅವಧಿಯಲ್ಲಿ ಅನುಮತಿಯಿಲ್ಲದೆ ನಡೆದ ಯಾವುದೇ ರಾಸಾಯನಿಕ ಕ್ರಿಯೆಯನ್ನು ನಡೆದಿಲ್ಲವೆಂದೇ ಪರಿಗಣಿಸತಕ್ಕದ್ದು.'

ಹೊಸ ವಾಯಿದೆಯ ಚೀಟಿಗಳಿಗೆ ಪ್ರಯೋಗಾಲಯದ ಮುದ್ರೆ ಬಿತ್ತು. ಪ್ರಮಾಣಪತ್ರಕ್ಕೆ ಸಹಿ ಹಾಕುವಾಗ ಜುಬೈದಾಳಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಆದರೂ ಸಹಿ ದುಂಡಗೆ ಬಂತು.

ಆ ಮಾತ್ರೆಗಳು ಆಸ್ಪತ್ರೆಗಳಿಗೆ ತಲುಪಿದ ದಿನ ಮನೆಗೆ ಬಂದವಳೇ, "ಚೇಚಿ, ಆಸ್ಪತ್ರೆಯ ಮಾತ್ರೆ ಬೇಡ, ಅಂಗಡಿಯದ್ದು ತನ್ನಿ" ಎಂದಳು.

ಅವಳನ್ನು ಮೋಳೇ, ಮಗಳೇ, ಎಂದೇ ಕರೆಯುತ್ತಿದ್ದ ದಾಕ್ಷಾಯಣಿ ಅಂದೇ ತಂದ ಮಾತ್ರೆಯ ಚೀಟಿಯನ್ನು ಕನ್ನಡಕದ ಹತ್ತಿರ ಹಿಡಿದರು. "ಇದರಲ್ಲಿ ನಿನ್ನ ಆಫೀಸಿನ ಮುದ್ರೆಯೇ ಇದೆಯಲ್ಲ ಮೋಳೇ! ನೀನು ನೋಡಿ ಕೊಟ್ಟದ್ದು ತಾನೇ?"

ತನ್ನ ಸಹಿ ಸುಳ್ಳೆನ್ನಲಾಗದೆ ಜುಬೈದಾ ಚಪ್ಪಲಿ ಬಿಚ್ಚಿ ಒಳಗೆ ಹೋದಳು.

ಮೂರನೆಯ ಭಾನುವಾರ ದಾಕ್ಷಾಯಣಿ ಅಡುಗೆಮನೆಯಲ್ಲಿ ಫಿಟ್ಸ್ ಬಂದು ಬಿದ್ದರು. ಹಣೆಗೆ ಏಳು ಹೊಲಿಗೆ. ಆಸ್ಪತ್ರೆಯವರು ಇಲಾಖೆಗೆ ಬರೆದರು. ಇಲಾಖೆ ಎಂದೂ ಇಲ್ಲದ ಚುರುಕಿನಲ್ಲಿ ಉತ್ತರಿಸಿತು: 'ದಾಖಲೆಯಂತೆ ಮಾತ್ರೆ ಸುಸ್ಥಿತಿಯಲ್ಲಿರುವುದರಿಂದ ಸದರಿಯವರಿಗೆ ಫಿಟ್ಸ್ ಬಂದಿರುವುದಿಲ್ಲ. ಅಲ್ಲದೆ ಅಂದು ರಜಾದಿನ.' ಉತ್ತರದ ಪ್ರತಿ ಪ್ರಯೋಗಾಲಯಕ್ಕೂ ಬಂತು; ಅದೇ ಟಪಾಲಿನಲ್ಲಿ ಜುಬೈದಾಳ ಖಾಯಮಾತಿ ಆದೇಶವೂ ಬಂತು.

ದಾಕ್ಷಾಯಣಿ ಉತ್ತರವನ್ನು ಜುಬೈದಾಳಿಂದ ಎರಡೆರಡು ಸಲ ಓದಿಸಿ ಕೇಳಿದರು. ಹಣೆಯ ಪಟ್ಟಿ ಮುಟ್ಟಿಕೊಂಡು, "ಸದ್ಯ, ಬಂದೇ ಇಲ್ಲವಂತೆ. ನಾನು ಸುಮ್ಮನೆ ಹೆದರಿದೆ" ಎಂದು ನಕ್ಕು, ಅಂದಿನ ಮಾತ್ರೆಯನ್ನು ಅಂಗೈಗೆ ಹಾಕಿಕೊಂಡರು.

"ನೀರು ಕೊಡು ಮೋಳೇ."

ಜುಬೈದಾ ಕೊಟ್ಟಳು.