ದೇವದುರ್ಗದ ಟೇಲರ್ ಮತ್ತು ಅಮೆರಿಕದ ನಾಯಿ

ನಗಬಾರದ ಕಡೆಯಲ್ಲೇ ನಗು ಬರುವಂಥ ನೌಕರಿ ನನ್ನದು. ರಾಯಚೂರಿನ ಒಂದು ಆಸ್ಪತ್ರೆಯ ಸರ್ಜಿಕಲ್ ವಾರ್ಡಿನಲ್ಲಿ ಡ್ರೆಸರ್ ಆಗಿದ್ದೆ. ಗಾಯ ತೊಳೆದು ಪಟ್ಟಿ ಕಟ್ಟುವುದು ನನ್ನ ಕೆಲಸ. ರೋಗಿಗಳು ನರಳುತ್ತಲೇ ಎಂಥೆಂಥ ಮಾತಾಡುತ್ತಿದ್ದರೆಂದರೆ, ಹತ್ತಿ ತರುವ ನೆಪ ಹೇಳಿ ನಾನು ಹೊರಗೆ ಓಡಬೇಕಾಗುತ್ತಿತ್ತು. ಎಂಬತ್ತರ ದಶಕ ಮುಗಿಯುತ್ತ ಬಂದಾಗ ದೇವದುರ್ಗದಿಂದ ಒಬ್ಬ ಟೇಲರ್ ನಮ್ಮಲ್ಲಿಗೆ ಬಂದಿದ್ದ. ಅವನನ್ನು ನೋಡಿ ನಕ್ಕಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಿದೆ. ಆದರೂ ನೆನೆದಾಗಲೆಲ್ಲ ನಗುತ್ತೇನೆ, ಏನು ಮಾಡಲಿ.

೧. ವಿಚಾರ ಮಾಡಲು ಟೈಮು

ಟೇಲರನಿಗೆ ನಲವತ್ತರ ಆಸುಪಾಸು. ಬಲಗಾಲಿನ ಮೂರು ಬೆರಳು ಇದ್ದಿಲಿನಂತೆ ಕಪ್ಪಾಗಿದ್ದವು. ಬೀಡಿ ಸೇದಿ ಸೇದಿ ಕಾಲಿನ ರಕ್ತನಾಳಗಳು ಮುಚ್ಚಿಕೊಳ್ಳುವ ರೋಗ ಅದು. ನಮ್ಮ ಕಡೆ ದುಡಿಯುವ ಗಂಡಸರಲ್ಲಿ ಬಹಳ. ದಿನವಿಡೀ ಹೊಲಿಗೆ ಮಷೀನು ತುಳಿದು ಸಂಸಾರ ಸಾಕುತ್ತಿದ್ದವನಿಗೆ ಕಾಲು ಹೋದರೆ ಎಲ್ಲವೂ ಹೋದಂತೆ.

ನಮ್ಮ ಡಾಕ್ಟರು ಮೈಸೂರು ಕಡೆಯವರು, ಸರ್ವಿಸಿಗೆ ಹೊಸಬರು. ಪಕ್ಕದಲ್ಲಿ ಕೂತು ನಯವಾಗಿ ಹೇಳಿದರು: "ನೋಡಿ ಯಜಮಾನ್ರೇ, ಈ ಮೂರು ಬೆರಳು ತೆಗೆಯಲೇಬೇಕು. ಬೀಡಿ ಬಿಟ್ಟರೆ ಉಳಿದ ಕಾಲು ಉಳಿಯುತ್ತೆ, ಇಲ್ಲದಿದ್ದರೆ ಅದೂ ಹೋಗುತ್ತೆ. ಈಗ ಹೇಳಿ, ಬೀಡಿ ಬೇಕೋ, ಕಾಲು ಬೇಕೋ?"

ಟೇಲರ್ ಮೇಲೆ ನೋಡಿದ, ಕೆಳಗೆ ನೋಡಿದ, ಹೆಂಡತಿಯ ಮುಖ ನೋಡಿದ.

"ಒಮ್ಮಿಗೇ ಹಿಂಗ ಕೇಳಿದ್ರ ಹೆಂಗ್ರಿ ಸಾಹೇಬ್ರ? ಎಂಟು ದಿನ ಟೈಂ ಕೊಡ್ರಿ, ವಿಚಾರ ಮಾಡಿ ಹೇಳ್ತೀನಿ."

೨. ಚೀಟಿ

ಡಾಕ್ಟರಿಗೆ ಓದುವ ಹುಚ್ಚು. ಪರದೇಶದ ವೈದ್ಯಕೀಯ ಪತ್ರಿಕೆಯೊಂದು ಅವರಿಗೆ ಆರು ತಿಂಗಳು ತಡವಾಗಿ ಬರುತ್ತಿತ್ತು. ಟೇಲರ್ ಬೆರಳು ನೋಡಿಕೊಂಡು ಅಳುತ್ತ ಕೂತಿದ್ದ ಒಂದು ದಿನ, ಸಮಾಧಾನ ಮಾಡಲೆಂದು ಅದರಲ್ಲಿ ಓದಿದ್ದನ್ನು ಹೇಳತೊಡಗಿದರು.

"ನಮ್ಮ ರಕ್ತನಾಳದ ಒಳಗೋಡೆ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕೋಶಗಳಿವೆ. ಒಂದೊಂದರಲ್ಲೂ ಏನೇನು ಮಾಡಬೇಕು ಅಂತ ಬರೆದ ಚೀಟಿ ಇರುತ್ತೆ ಅಂದ್ಕೊಳ್ಳಿ. ಅದೇ ವಂಶವಾಹಿ. ವೈರಸ್ಸು ಕಳ್ಳನ ಹಾಗೆ ಒಳಗೆ ನುಗ್ಗಿ ತನ್ನ ಚೀಟಿ ಇಟ್ಟುಬಿಡುತ್ತೆ. ಈಗ ಅಮೆರಿಕದಲ್ಲಿ ಆ ವೈರಸ್ಸಿನ ಚೀಟಿ ಕಿತ್ತುಕೊಂಡು, ನಮಗೆ ಬೇಕಾದ ಚೀಟಿ ಅದರ ಕೈಗೆ ಕೊಟ್ಟು ಕಳಿಸ್ತಿದ್ದಾರೆ. ಮುಂದೊಂದು ದಿನ, ಹೊಸ ರಕ್ತನಾಳ ಬೆಳೆಸು ಅಂತಲೇ ಬರೆದು ಕಳಿಸಬಹುದು."

ಟೇಲರ್ ಎದ್ದು ಕೂತ. "ಗಿರಾಕಿ ಅಳತಿ ಚೀಟಿ ಬದಲಿ ಮಾಡಿದಂಗ ಅನ್ರಿ. ತಿಳೀತು ಬಿಡ್ರಿ. ಯಾರಿಗೆ ಮಾಡ್ಯಾರ?"

"ಸದ್ಯಕ್ಕೆ ನಾಯಿಗೆ."

"ನಾಯಿ ಕಾಲು ನೆಟ್ಟಗಾತೇನ್ರಿ?"

"ಇಲ್ಲಪ್ಪ. ಚೀಟಿ ಹೋಗಿ ಸೇರಿತಾ ಅಂತ ಮಾತ್ರ ನೋಡಿದ್ದಾರೆ. ಮನುಷ್ಯರಿಗೆ ಬರೋದಕ್ಕೆ ಇನ್ನೂ ಎಷ್ಟು ವರ್ಷವೋ."

ಟೇಲರ್ ಎರಡೂ ಕೈ ಜೋಡಿಸಿದ. "ನಿಮ್ಮ ಕಾಲಿಗೆ ಬೀಳ್ತೀನ್ರಿ ಸಾಹೇಬ್ರ. ಕಾಗದದಾಗ ನನ್ನ ನಾಯಿ ಅಂತ ಬರದು ಅಲ್ಲಿಗೆ ಕಳಸಿಬಿಡ್ರಿ. ನಾ ಏನೂ ಅನಕೊಳ್ಳಂಗಿಲ್ಲ."

೩. ನೆಗಡಿ

ಇದರಲ್ಲಿ ತಪ್ಪು ನನ್ನದು. ಮರುದಿನ ಗಾಯ ತೊಳೆಯುವಾಗ ಅವನು ಕೇಳಿದ: "ಅಣ್ಣಾರ, ಈ ವೈರಸ್ಸು ಎಲ್ಲಿ ಸಿಗತದ?" ಕೈಯಲ್ಲಿ ಕೆಲಸವಿತ್ತು, ವಿಚಾರ ಮಾಡದೆ ಹೇಳಿಬಿಟ್ಟೆ: "ಎಲ್ಲಿಗ್ಯಾಕ ಹೋಗಬೇಕು? ನೆಗಡಿನೂ ವೈರಸ್ಸೇ."

ಅವತ್ತೇ ಅವನು ಮಾನ್ವಿಯ ರೋಗಿಯೊಬ್ಬನ ಪಕ್ಕದ ಮಂಚಕ್ಕೆ ಹೋದ. ಅಕ್ಕಿ ಗಿರಣಿಯಲ್ಲಿ ದುಡಿಯುತ್ತಿದ್ದ ಆ ಮನುಷ್ಯ ಹರ್ನಿಯಾ ಆಪರೇಷನ್ನಿಗೆ ಬಂದಿದ್ದ, ದಿನವಿಡೀ ಸೀನುತ್ತಿದ್ದ. ಟೇಲರ್ ಅವನ ಲೋಟದಲ್ಲೇ ನೀರು ಕುಡಿದ, ಅವನ ಟವೆಲ್ಲಿನಲ್ಲೇ ಮುಖ ಒರೆಸಿದ. ನಾಲ್ಕು ದಿನವಾದ ಮೇಲೆ ಮಾನ್ವಿಯವನಿಗೆ ಅನುಮಾನ ಬಂತು. "ಏನೋ ಮಾರಾಯಾ, ನನ್ನ ಮ್ಯಾಲ ಇಷ್ಟ್ಯಾಕ ಪ್ರೀತಿ?" ಟೇಲರ್ ಇದ್ದದ್ದು ಇದ್ದ ಹಾಗೆ ಹೇಳಿದ. ಮಾನ್ವಿಯವನು ಹಣೆ ಬಡಿದುಕೊಂಡ.

"ನೆಗಡಿ ಎಲ್ಲೀದೋ! ತೌಡಿನ ಧೂಳ ಮೂಗಿಗೆ ಹೊಕ್ಕು ಸೀನಾಕತ್ತು ಇಪ್ಪತ್ತು ವರ್ಷಾತು. ನನ್ನ ಹೇಂತಿಗೇ ಹತ್ತಿಲ್ಲ, ನಿನಗ ಹೆಂಗ ಹತ್ತತದ?"

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆ ವಾರ ನನಗೆ ಖರೇ ನೆಗಡಿಯಾಗಿತ್ತು. ಪಟ್ಟಿ ಕಟ್ಟುವಾಗ ಟೇಲರ್ ನನ್ನ ಕೈ ಹಿಡಿದು ಹತ್ತಿರ ಹತ್ತಿರ ಎಳೆದುಕೊಳ್ಳುತ್ತಿದ್ದ. ಪಾಪ, ಅಂಜಿದ್ದಾನೆ ಎಂದುಕೊಂಡೆ. ಮೂರನೇ ದಿನ ಅವನಿಗೆ ಜ್ವರ, ಕೆಮ್ಮು. "ಬಂತ್ರಿ!" ಎಂದು ಡಾಕ್ಟರಿಗೆ ಹೆಮ್ಮೆಯಿಂದ ಹೇಳಿದ. ಇಂಥ ಕೆಮ್ಮಿಗೆ ಅರಿವಳಿಕೆ ಕೊಡಲಾಗದು ಎಂದು, ಗೊತ್ತುಮಾಡಿದ್ದ ಬೆರಳಿನ ಆಪರೇಷನ್ ಒಂದು ವಾರ ಮುಂದೆ ಹೋಯಿತು. ಆ ವಾರದಲ್ಲಿ ಬೆರಳಿನ ಕಪ್ಪು ಬಣ್ಣ ಪಾದವನ್ನು ದಾಟಿ ಮೇಲೇರಿತು. ಮೂರು ಬೆರಳು ಹೋಗಬೇಕಿದ್ದವನಿಗೆ ಮೊಣಕಾಲಿನ ಕೆಳಗೆ ಏನೂ ಉಳಿಯಲಿಲ್ಲ. ನಾನು ಎರಡು ದಿನ ಅವನ ಮಂಚದ ಕಡೆ ಸುಳಿಯಲಿಲ್ಲ, ಮುಖ ತೋರಿಸುವ ಧೈರ್ಯವಿರಲಿಲ್ಲ.

ಕೊನೆಗೆ ಅವನೇ ಕರೆಸಿ ಕೈ ಹಿಡಿದ. "ನಿಮ್ಮ ತಪ್ಪೇನೂ ಇಲ್ಲ ಅಣ್ಣಾರ. ನಿಮ್ಮ ನೆಗಡಿಗೆ ದಾರಿ ತಿಳಿಲಿಲ್ಲ. ಕೆಳಗ ಇಳೀಬೇಕಿತ್ತು, ಮೂಗಿನಾಗೇ ಕುಂತುಬಿಡ್ತು."

೪. ಮಣ್ಣು

ಕತ್ತರಿಸಿದ ಕಾಲನ್ನು ನಮ್ಮ ಕಡೆಯವರು ಆಸ್ಪತ್ರೆಯಲ್ಲಿ ಬಿಡುವುದಿಲ್ಲ. ಊರಿಗೆ ಒಯ್ದು ಮಣ್ಣು ಮಾಡಬೇಕು. ಟೇಲರ್ ಮಲಗಿದಲ್ಲಿಂದಲೇ ಅಳತೆ ಟೇಪನ್ನು ಹೆಂಡತಿಯ ಕೈಗಿಟ್ಟ.

"ನಮ್ಮಪ್ಪನ ಬಾಜುಕ ಕುಣಿ ತೋಡಸು. ಕಾಲಿಂದ ಮ್ಯಾಲ ನಾಕು ಫೂಟು ಜಾಗ ಬಿಡು. ಬೇಕಾದ್ರ ಇನ್ನ ಎರಡು ಇಂಚು ಹೆಚ್ಚಿಗೆ ಇಡು, ನಾ ಬಂದಾಗ ಬಿಗಿ ಆಗಬಾರದು."

ಆ ಹೆಣ್ಣುಮಗಳು ತನ್ನ ಹಳೇ ಸೀರೆಯಲ್ಲಿ ಕಾಲು ಸುತ್ತಿಕೊಂಡಳು. ಅವಳನ್ನು ದೇವದುರ್ಗದ ಬಸ್ಸಿಗೆ ಹತ್ತಿಸಲು ನಾನೂ ಹೋದೆ. ತೊಡೆಯ ಮೇಲಿನ ಗಂಟು ನೋಡಿ ಕಂಡಕ್ಟರ್ ಕೇಳಿದ: "ಏನದವ್ವಾ ಅದು?"

"ನಮ್ಮ ಯಜಮಾನ್ರ ಕಾಲು ಅದರಿ."

ಕಂಡಕ್ಟರ್ ಗಂಟು ನೋಡಿದ, ಅವಳನ್ನು ನೋಡಿದ, ಬಸ್ಸಿನ ತುಂಬ ಕಣ್ಣಾಡಿಸಿದ. "ಉಳಿದ ಯಜಮಾನ್ರು ಎಲ್ಲ್ಯದಾರವ್ವಾ?"

"ಅವರು ಮುಂದಿನ ವಾರ ಬರ್ತಾರ್ರಿ."

೫. ಇನ್ನೊಂದು ಕಾಲು

ಕಾಲು ಹೋದ ಮೇಲೆ ಅವನು ಬೀಡಿ ಮುಟ್ಟಲಿಲ್ಲ. ಊರಿಗೆ ಹೋಗಿ ಎಡಗಾಲಿನಿಂದಲೇ ಮಷೀನು ತುಳಿಯುವುದನ್ನು ಕಲಿತ. ಏಳೆಂಟು ತಿಂಗಳು ಕಳೆದಿರಬೇಕು, ಒಂದು ಮುಂಜಾನೆ ಗಂಡ ಹೆಂಡತಿ ಇಬ್ಬರೂ ವಾರ್ಡಿನ ಬಾಗಿಲಲ್ಲಿ ನಿಂತಿದ್ದರು. ಅವನ ಎಡಗಾಲಿನ ಹೆಬ್ಬೆರಳು ಕಪ್ಪಾಗಿತ್ತು.

ಓಡಿಹೋಗಿ ಡಾಕ್ಟರನ್ನು ಕರೆದೆ. ನಾಲ್ಕು ದಿನದಿಂದ ಅವನು ಆ ಬೆರಳನ್ನು ಮುಟ್ಟಿರಲಿಲ್ಲ, ಅಂಜಿಕೆಗೆ ನೀರೂ ಹಾಕಿರಲಿಲ್ಲವಂತೆ. ಡಾಕ್ಟರನ್ನು ನೋಡಿದ ಕೂಡಲೇ ಕೇಳಿದ: "ಸಾಹೇಬ್ರ, ಆ ಚೀಟಿ ಮನಷ್ಯಾರಿಗೆ ಬಂತೇನ್ರಿ?"

"ಇನ್ನೂ ಇಲ್ಲಪ್ಪ," ಎಂದರು ಡಾಕ್ಟರು. ರೋಗಿಗಳ ಮುಂದೆ ಪತ್ರಿಕೆಯ ಮಾತೆತ್ತುವುದನ್ನು ಅವರು ಯಾವತ್ತೋ ಬಿಟ್ಟಿದ್ದರು. ನೆಲದ ಮೇಲೆ ಕೂತು ಪಾದವನ್ನು ತೊಡೆಯ ಮೇಲಿಟ್ಟುಕೊಂಡು ನಾಡಿ ಹುಡುಕಿದರು. ಆಮೇಲೆ ಅವರು ತಲೆಯೆತ್ತಿ, "ಸ್ಪಿರಿಟ್ ಕೊಡಿ," ಎಂದರು.

ಹತ್ತಿ ಅದ್ದಿ ಕೊಟ್ಟೆ. ಒಮ್ಮೆ ಒರೆಸಿದರು, ಏನೂ ಆಗಲಿಲ್ಲ. ಎರಡನೇ ಸಲ ಒತ್ತಿ ಒರೆಸಿದರು. ಹತ್ತಿ ಕಪ್ಪಾಯಿತು, ಬೆರಳು ಬೆಳ್ಳಗಾಯಿತು. ಅದು ಮಷೀನಿನ ಎಣ್ಣೆ! ಪೆಡಲ್ಲಿಗೆ ಸುರಿದ ಹಳೇ ಎಣ್ಣೆ ಬೆರಳಿಗೆ ಮೆತ್ತಿ ಒಣಗಿತ್ತು.

ಹೆಂಡತಿ ಗೋಡೆಗೆ ಒರಗಿ ಕುಸಿದು ಅತ್ತಳು. ಡಾಕ್ಟರು ಆ ಕಡೆ ಮುಖ ತಿರುಗಿಸಿ ಕನ್ನಡಕ ತೆಗೆದರು. ನಾನು ಅಳುತ್ತ ನಗುತ್ತಿದ್ದೆ. ಟೇಲರ್ ಒಬ್ಬನೇ ಅಳಲೂ ಇಲ್ಲ, ನಗಲೂ ಇಲ್ಲ. ಆ ಕಪ್ಪು ಹತ್ತಿಯನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ, ಮೂಸಿ ನೋಡಿದ. ಆಮೇಲೆ ಮೆಲ್ಲಗೆ ಕೇಳಿದ:

"ಸಾಹೇಬ್ರ, ಆ ಕಾಲು ಕೊಯ್ಯೂಕಿಂತ ಮದ್ಲ ಒಂದು ಸಲ ಹಿಂಗ ಒರಸಿ ನೋಡಿದ್ರಿ, ಹೌದಿಲ್ಲೋ?"