ಅತ್ತೆಯ ಅರ್ಚನೆಗೆ ಒಂದು ಹೆಸರು

ಕಂಪ್ಯೂಟರ್ ಕಲಿಸುವವರಿಗೆ ಒಂದು ರೋಗವಿದೆ. ಸುಲಭವಾಗಿ ಆಗಿಬಿಡುವ ಕೆಲಸ ಅವರಿಗೆ ಕೆಲಸವೆಂದೇ ಅನ್ನಿಸುವುದಿಲ್ಲ. ಇಂಟರ್‌ನೆಟ್ ಆಗತಾನೇ ಹೊಳೆನರಸೀಪುರಕ್ಕೆ ಬಂದಿದ್ದ ಕಾಲ. ತೆಂಗಿನಕಾಯಿ ಮಂಡಿಯ ಮಹಡಿಯಲ್ಲಿ ಕಂಪ್ಯೂಟರ್ ತರಗತಿ ನಡೆಸುತ್ತಿದ್ದ ನನಗೂ ಈ ರೋಗ ಚೆನ್ನಾಗಿಯೇ ಅಂಟಿತ್ತು.

ರುದ್ರಪಟ್ಟಣದ ನನ್ನ ಸೋದರಮಾವ ಪಿಟೀಲು ವಿದ್ವಾಂಸರು. ಅವರು ತೀರಿಕೊಂಡ ಮೇಲೆ ಯಾರೋ ಇಂಟರ್‌ನೆಟ್‌ನಲ್ಲಿ ಒಂದು ತಾಣ ತೆರೆದು ಅವರ ನುಡಿಸಾಣಿಕೆಯನ್ನೆಲ್ಲ ಹಾಕಿದ್ದರು. ತಮ್ಮ ಹೆಸರು ಮಾತ್ರ ಎಲ್ಲೂ ಹಾಕಿರಲಿಲ್ಲ. ಅದನ್ನು ನಾನು ಕೇಳಿಸಿದ ದಿನ ಅತ್ತೆ ಕಣ್ಣೊರೆಸಿಕೊಂಡು, "ಮಾವನ ಆರಾಧನೆ ದಿನ ಆ ಪುಣ್ಯಾತ್ಮರ ಹೆಸರಲ್ಲೂ ಒಂದು ಅರ್ಚನೆ ಆಗ್ಬೇಕು ಕಣೋ. ಹೆಸರಿಲ್ದೆ ಅರ್ಚನೆ ಹೇಗೆ? ಹುಡುಕಿಕೊಡು" ಎಂದರು.

ತಾಣ ಯಾರ ಹೆಸರಿನಲ್ಲಿದೆ ಎಂದು ಹೇಳುವ ಪುಟ್ಟ ಪ್ರೋಗ್ರಾಂ ನನ್ನಲ್ಲಿತ್ತು. ಕಪ್ಪು ಪರದೆಯಲ್ಲಿ ವಿಳಾಸ ಟೈಪ್ ಮಾಡಿದರೆ ಸಾಕು. ಮಾಡಿದೆ. ಹೆಸರಿನ ಜಾಗದಲ್ಲಿ ಒಂದು ಡಾಲರ್ ಚಿಹ್ನೆ, ಅದರ ಹಿಂದೆ ಅಂಕಿ, ಅಕ್ಷರಗಳ ದೊಂಬಿ. ಇಣುಕಿದ ಮಂಡಿ ಕಾಳೇಗೌಡರು, "ಡಾಲರ್ ಐತಲ್ಲ ಸಾ, ಅಮೆರಿಕಾದೋರೇ ಇರ್ಬೇಕು ಕಣ್ ಸಾ" ಎಂದು ತೀರ್ಪು ಕೊಟ್ಟರು. ಆದರೆ ವಿಳಾಸದ ಬಾಲದಲ್ಲಿದ್ದದ್ದು ಜಪಾನಿನ ಗುರುತು. ಜಪಾನಿನಿಂದ ಮಾವನ ಹತ್ತಿರ ಕಲಿಯಲು ಬಂದವರು ಮೂವರು. ಇಬ್ಬರು ಶಹಬ್ಬಾಸ್ ಅನ್ನಿಸಿಕೊಂಡು ಹೋದರು. ಒಬ್ಬಳನ್ನು ಮಾವ, "ಇದು ನಿನ್ನ ಕೈಲಾಗೋದಲ್ಲ, ಊರಿಗೆ ಹೋಗಮ್ಮ" ಎಂದು ಕಳಿಸಿಬಿಟ್ಟಿದ್ದರು.

ಜಪಾನಿನ ಕಂಪ್ಯೂಟರು ಅಕ್ಷರಗಳನ್ನು ತನ್ನದೇ ಸಂಕೇತದಲ್ಲಿ ಕಳಿಸುತ್ತಿತ್ತು; ನನ್ನ ಪ್ರೋಗ್ರಾಂ ಅದನ್ನು ಇಂಗ್ಲಿಷ್ ಎಂದೇ ನಂಬಿ ತೋರಿಸುತ್ತಿತ್ತು. ಪ್ರೋಗ್ರಾಮಿನ ಹೊಟ್ಟೆ ಬಗೆದು, ಸಂಕೇತ ಬದಲಿಸುವ ಸಾಲುಗಳನ್ನು ತುರುಕಿದೆ. ಡಾಲರ್ ಹೋಗಿ ಖಾಲಿ ಚೌಕಗಳು ಬಂದವು. ಜಪಾನೀ ಫಾಂಟ್ ಬೇಕಿತ್ತು. ಹಾಸನದ ಬಸ್ ಹತ್ತಿ, ಗೆಳೆಯನನ್ನು ಕಾಡಿ ಸಿ.ಡಿ. ತಂದೆ. ಆರಾಧನೆಯ ಮುನ್ನಾದಿನ ಅಕ್ಷರಗಳು ಮೂಡಿದವು. ಒಂದೊಂದೂ ರಂಗೋಲಿಯ ಹಾಗೆ. ಪ್ರಿಂಟ್ ತೆಗೆದುಕೊಂಡು ರುದ್ರಪಟ್ಟಣಕ್ಕೆ ಓಡಿ, ಅತ್ತೆಯ ಮುಂದೆ ಹೆಮ್ಮೆಯಿಂದ ಹಿಡಿದೆ.

ಅತ್ತೆ ಕನ್ನಡಕ ಹಾಕಿಕೊಂಡು ನೋಡಿದರು. "ಚೆನ್ನಾಗಿದೆ. ಏನಂತ ಓದೋದು?"

ಜಪಾನೀ ಓದಲು ನನಗೆಲ್ಲಿ ಬರುತ್ತದೆ! ತಪ್ಪಿಸಿಕೊಳ್ಳಲು ಹಾಳೆಯ ಮೇಲೆ ಕೆಳಗೆ ಕಣ್ಣಾಡಿಸುವಾಗ ತಲೆಭಾಗದಲ್ಲಿ ಅಚ್ಚ ಇಂಗ್ಲಿಷಿನ ಒಂದು ಸಾಲು ಕಂಡಿತು. ಮೊದಲ ದಿನದಿಂದಲೂ ಅದು ಅಲ್ಲೇ ಇತ್ತು. ಜಪಾನೀ ಬೇಡವಾದರೆ ವಿಳಾಸದ ಕೊನೆಗೆ ಒಂದು ಓರೆಗೀಟು, ಒಂದು 'ಇ' ಸೇರಿಸಿ, ಎಲ್ಲವೂ ಇಂಗ್ಲಿಷಿನಲ್ಲೇ ಬರುತ್ತದೆ ಎಂದು! ತರಗತಿಗೆ ಫೋನ್ ಮಾಡಿದೆ. ಅಲ್ಲಿ ನನ್ನ ಬದಲಿಗೆ ಪಾಠ ಮಾಡುತ್ತಿದ್ದ ಮೇಷ್ಟ್ರು ಟೈಪ್ ಮಾಡಿ, ಆರಾಮಾಗಿ ಓದಿ ಹೇಳಿದರು: ಯುಕಿಕೊ.

"ಯುಕಿಕೊನಾ?" ಅತ್ತೆ ಕಂಬಕ್ಕೊರಗಿ ಕೂತುಬಿಟ್ಟರು. "ಇವರು ಬೈದು ಕಳಿಸಿದ್ರಲ್ಲೋ, ಅದೇ ಹುಡುಗಿ. ಅಳ್ತಾ ಅಳ್ತಾ ಬಸ್ ಹತ್ತಿದ್ಲು." ಪಾಸಾದ ಇಬ್ಬರ ನೆನಪು ನಮಗ್ಯಾರಿಗೂ ಬರಲಿಲ್ಲ.

ಮರುದಿನ ದೇವಸ್ಥಾನದಲ್ಲಿ ಅರ್ಚಕರು ಹೆಸರು ಕೇಳಿಕೊಂಡು, "ಗೋತ್ರ?" ಎಂದರು.

"ನಮ್ಮದೇ ಹೇಳಿ," ಎಂದರು ಅತ್ತೆ.

ಅರ್ಚಕರು ಹಾಗೆಯೇ ಹೇಳಿದರು. ಆಮೇಲೆ ಅತ್ತೆ ನನ್ನ ಕಡೆ ತಿರುಗಿ, "ಇವನ ಹೆಸರಲ್ಲೂ ಒಂದು ಮಾಡಿಬಿಡಿ. ಪಾಪ, ಬಹಳ ಒದ್ದಾಡಿದಾನೆ" ಎಂದರು. ಏನೆಂದು ಪ್ರಾರ್ಥಿಸಲಿ ಎಂದು ಅರ್ಚಕರು ಕೇಳಿದರು.

ಪರೀಕ್ಷೆಗೆ ಮುಂಚೆ ಮಕ್ಕಳಿಗೆ ಮಾಡುತ್ತೀರಲ್ಲ, ವಿದ್ಯಾಪ್ರಾಪ್ತಿಗೆ, ಅದನ್ನೇ ಮಾಡಿ ಎಂದೆ.