ನೂರಾ ಎಂಬತ್ತರ ಹಸಿವಿಗೆ ಅರವತ್ತೈದರ ಚಾರ್ಜರ್

ನಮ್ಮ ಕಾಕಾ ಮೂವತ್ನಾಲ್ಕು ವರ್ಷ ಕರೆಂಟಿನ ಕಂಬ ಹತ್ತಿ ಇಳಿದವರು. ಅಂಥವರು ಮನೆಯ ಮಿಕ್ಸರಿನ ಗುಂಡಿ ಒತ್ತಲು ಇನ್ನೊಬ್ಬರನ್ನು ಕರೆಯುತ್ತಾರೆ ಎಂದರೆ ನೀವು ನಂಬುತ್ತೀರಾ? ಕರೆಯುವುದಷ್ಟೇ ಅಲ್ಲ, ಆ ಇನ್ನೊಬ್ಬರ ಕಾಲಲ್ಲಿ ಚಪ್ಪಲಿ ಇದೆಯೋ ಇಲ್ಲವೋ ಎಂದು ಬಗ್ಗಿ ನೋಡಿ, ಎರಡು ಮಾರು ದೂರ ಸರಿದು ನಿಂತು, ಆಮೇಲೆ ‘ಹೂಂ, ಈಗ ಒತ್ತು’ ಎನ್ನುತ್ತಾರೆ. ಅಥಣಿಯ ನಮ್ಮ ಓಣಿಯಲ್ಲಿ ಅಡುಗೆಮನೆಯೊಳಗೆ ಚಪ್ಪಲಿ ಮೆಟ್ಟಿಕೊಂಡು ಚಟ್ನಿ ರುಬ್ಬುವ ಮನೆ ನಮ್ಮದೊಂದೇ. ಇದಕ್ಕಾಗಿ ಅವ್ವ ದಿನವೂ ದೇವರ ಮುಂದೆ ಕ್ಷಮೆ ಕೇಳುತ್ತಾಳೆ.

ಕಾಕಾ ಎಂದರೆ ನಮ್ಮ ಅಪ್ಪನ ತಮ್ಮ. ಲಗ್ನವಾಗಲಿಲ್ಲ, ಮೊದಲಿನಿಂದಲೂ ನಮ್ಮೊಂದಿಗೇ ಇದ್ದಾರೆ. ಲೈನ್‌ಮನ್ ನೌಕರಿಯಿಂದ ನಿವೃತ್ತರಾದ ಮೇಲೆ ಹೆದರುವುದನ್ನೇ ಹೊಸ ನೌಕರಿ ಮಾಡಿಕೊಂಡರು. ಅದಕ್ಕೆ ರವಿವಾರದ ಸೂಟಿಯೂ ಇಲ್ಲ. ಯಾವ ವಸ್ತುವನ್ನೂ ಅವರು ಮೊದಲು ಅಂಗೈಯಿಂದ ಮುಟ್ಟುವವರಲ್ಲ. ಕೈಯ ಹಿಂಬದಿಯಿಂದ ಒಮ್ಮೆ ಸವರಿ ನೋಡಿ, ಏನೂ ಆಗದಿದ್ದರೆ ಮಾತ್ರ ಮುಂದಿನ ಮಾತು. ಕರೆಂಟು ಹೊಡೆದರೆ ಮುಷ್ಟಿ ತಾನೇ ಮುಚ್ಚಿಕೊಳ್ಳುತ್ತದಂತೆ. ಅಂಗೈಯಿಂದ ಮುಟ್ಟಿದವ ಅದನ್ನೇ ಹಿಡಿದುಕೊಂಡುಬಿಡುತ್ತಾನೆ, ಹಿಂಬದಿಯಿಂದ ಮುಟ್ಟಿದವನ ಕೈ ದೂರ ಸರಿಯುತ್ತದೆ. ಕೇಳಲು ಶಾಸ್ತ್ರೋಕ್ತವಾಗಿಯೇ ಇದೆ. ಆದರೆ ಇದನ್ನು ಫ್ರಿಜ್ಜಿಗೆ, ನಲ್ಲಿಗೆ, ಬಾಗಿಲ ಚಿಲಕಕ್ಕೆ, ಕೊನೆಗೆ ಊಟದ ತಾಟಿಗೂ ಮಾಡಿದರೆ?

ನನ್ನ ತಂಗಿಯನ್ನು ನೋಡಲು ನಿಪ್ಪಾಣಿಯಿಂದ ಬೀಗರಾಗುವವರು ಬಂದಿದ್ದರು. ನಡುಮನೆಯಲ್ಲಿ ಕಬ್ಬಿಣದ ಕುರ್ಚಿಗಳು, ಪಕ್ಕದಲ್ಲಿ ಟೇಬಲ್ ಫ್ಯಾನು. ಅವರು ಕೂರುವ ಮೊದಲು ಕಾಕಾ ಸಾಲಿನ ಒಂದೊಂದು ಕುರ್ಚಿಯನ್ನೂ ಕೈಯ ಹಿಂಬದಿಯಿಂದ ಮುಟ್ಟುತ್ತ ಹೋದರು. ಗಂಡಿನ ಅಪ್ಪ ಹುಬ್ಬೇರಿಸಿದರು. ಅವ್ವ ತಡಮಾಡದೆ, ಅದು ನಮ್ಮ ಮನೆತನದ ಪದ್ಧತಿ ಎಂದುಬಿಟ್ಟಳು. ತಿಂಗಳ ನಂತರ ನಾವು ನಿಪ್ಪಾಣಿಗೆ ಹೋದಾಗ, ಆ ದೊಡ್ಡ ಮನುಷ್ಯರು ನಮ್ಮೆಲ್ಲರ ಕುರ್ಚಿಗಳನ್ನು ಕೈಯ ಹಿಂಬದಿಯಿಂದ ಭಕ್ತಿಯಿಂದ ಮುಟ್ಟಿ, ‘ಬಸಾ, ಬಸಾ, ಕೂಡ್ರಿ’ ಎಂದರು! ಆ ಸಂಬಂಧ ಗಟ್ಟಿಯಾಗದೆ ಇರುತ್ತದೆಯೇ?

ಇನ್ನು ಫ್ಯೂಜಿನ ಕಥೆ. ಮನೆಯಲ್ಲಿ ಒಂದು ಬಲ್ಬ್ ಬದಲಿಸುವುದಿದ್ದರೂ ಕಾಕಾ ಮೀಟರಿನ ಕೆಳಗಿನ ಫ್ಯೂಜ್ ಕಿತ್ತು ತಮ್ಮ ಅಂಗಿಯ ಕಿಸೆಗೆ ಹಾಕಿಕೊಳ್ಳುತ್ತಾರೆ. ಕಂಬದ ಮೇಲೆ ಒಬ್ಬನಿದ್ದಾಗ ಕೆಳಗಿದ್ದವನು ಹಾಗೆಯೇ ಮಾಡಬೇಕು, ಇಲ್ಲದಿದ್ದರೆ ದಾರಿಹೋಕ ಯಾರೋ ಬಂದು ಫ್ಯೂಜ್ ಹಾಕಿಬಿಟ್ಟಾನು ಎಂಬುದು ಅವರು ಕಲಿತ ಪಾಠ. ಒಂದು ಶುಕ್ರವಾರ ನನ್ನ ಹೆಂಡತಿ ಬಚ್ಚಲಿನ ಬಲ್ಬ್ ಬದಲಿಸಿದಳು. ಆಮೇಲೆ ನೋಡಿದರೆ ಇಡೀ ಮನೆಗೆ ಕರೆಂಟಿಲ್ಲ. ಕಾಕಾ ಕೊಕಟನೂರಿನ ಎಲ್ಲಮ್ಮನ ದರ್ಶನದ ಸಾಲಿನಲ್ಲಿ ನಿಂತಿದ್ದರು, ಕಿಸೆಯಲ್ಲಿ ನಮ್ಮ ಫ್ಯೂಜ್! ಫೋನಿನಲ್ಲಿ ಇವಳು ಕೂಗಾಡಿದರೆ ಅವರದು ಒಂದೇ ಪ್ರಶ್ನೆ.

“ಸ್ಟೂಲಿನಿಂದ ಇಳದೀನಿ ಅಂತ ನನಗ ಹೇಳಿದ್ಯೇನು?”

ಹೇಳಿರಲಿಲ್ಲ. ಹೀಗಾಗಿ ಕಾಕಾನ ಲೆಕ್ಕದಲ್ಲಿ ಅವಳು ಸಂಜೆ ನಾಲ್ಕರವರೆಗೆ ಬಚ್ಚಲಲ್ಲಿ ಸ್ಟೂಲಿನ ಮೇಲೆಯೇ ನಿಂತಿದ್ದಳು. ಎಲ್ಲಮ್ಮನಿಗಂತೂ ಅಂದು ನಮ್ಮ ಮನೆಯ ಕರೆಂಟಿನ ದರ್ಶನವೂ ಆಯಿತು.

ಇಂಥ ಮನೆಗೆ ನಾನು ಗೇಮಿಂಗ್ ಲ್ಯಾಪ್‌ಟಾಪ್ ತಂದೆ. ಮದುವೆಗೆ ಡ್ರೋನ್ ಹಾರದಿದ್ದರೆ ಅಕ್ಷತೆಯೇ ಬೀಳುವುದಿಲ್ಲ ಎಂದು ನಮ್ಮ ಕಡೆಯ ಜನ ನಂಬತೊಡಗಿದ್ದ ಕಾಲವದು. ನನ್ನದು ಮದುವೆಯ ವಿಡಿಯೊ ತೆಗೆಯುವ ಉದ್ಯೋಗ. ಅಷ್ಟೆಲ್ಲ ಚಿತ್ರ ಕತ್ತರಿಸಿ ಜೋಡಿಸಲು ಸಾದಾ ಲ್ಯಾಪ್‌ಟಾಪಿಗೆ ಜೀವ ಸಾಲದು, ಆಟಕ್ಕೆಂದು ಮಾಡಿದ್ದೇ ಬೇಕು. ಕೀಲಿಗಳ ಕೆಳಗೆ ಕೆಂಪು ದೀಪ, ಚಾಲೂ ಮಾಡಿದರೆ ಹಿಟ್ಟಿನ ಗಿರಣಿಯ ಸದ್ದು, ಜೊತೆಗೆ ಇಟ್ಟಂಗಿಯಷ್ಟು ದೊಡ್ಡ ಚಾರ್ಜರ್. ಕಾಕಾ ಲ್ಯಾಪ್‌ಟಾಪಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಚಾರ್ಜರಿನ ಬೆನ್ನ ಮೇಲಿನ ಚೀಟಿಯನ್ನು ಕನ್ನಡಕ ಏರಿಸಿ ಓದಿ, ‘ನೂರಾ ಎಂಬತ್ತು ವ್ಯಾಟು’ ಎಂದು ಗೌರವದಿಂದ ತಲೆಯಾಡಿಸಿದರು. ನಮ್ಮ ಮನೆಯಲ್ಲಿ ಅವರಿಂದ ಅಂಥ ಗೌರವ ಪಡೆದವರು ಬೇರೆ ಯಾರೂ ಇಲ್ಲ.

ಆ ಗೌರವಾನ್ವಿತ ಇಟ್ಟಂಗಿಯನ್ನು ನಾನು ಶೇಡಬಾಳದ ಒಂದು ಮದುವೆ ಮುಗಿಸಿ ಬರುವಾಗ ಮಂಗಲ ಕಾರ್ಯಾಲಯದಲ್ಲೇ ಮರೆತುಬಂದೆ. ಮರುದಿನ ಹೋಗಿ ಹುಡುಕಿದರೆ ಬಾಳೆ ಎಲೆ ಸಿಕ್ಕವು, ಚಾರ್ಜರ್ ಸಿಗಲಿಲ್ಲ. ಹೊಸದು ಪುಣೆಯಿಂದ ಬರಲು ಎಂಟು ದಿನವೆಂದರು. ಇದರ ಜೊತೆ ಇನ್ನೊಂದು ಮೂರ್ಖತನವನ್ನೂ ಮಾಡಿದ್ದೆ. ಆ ಮದುವೆಯ ಚಿತ್ರಗಳನ್ನೆಲ್ಲ ಲ್ಯಾಪ್‌ಟಾಪಿಗೆ ಹಾಕಿ, ಮುಂದಿನ ಮದುವೆಗೆ ಬೇಕೆಂದು ಕ್ಯಾಮೆರಾದ ಕಾರ್ಡುಗಳನ್ನು ಅಳಿಸಿಬಿಟ್ಟಿದ್ದೆ. ಶೇಡಬಾಳದ ಆ ಲಗ್ನ ಈಗ ಜಗತ್ತಿನಲ್ಲಿ ಇದ್ದದ್ದು ಈ ಒಂದೇ ಡಬ್ಬಿಯೊಳಗೆ. ಡಬ್ಬಿ ಕೆಟ್ಟರೆ ಮದುಮಕ್ಕಳನ್ನು ಮತ್ತೆ ಕರೆದು ಮಾಲೆ ಹಾಕಿಸಲಾದೀತೇ?

ಹೆಂಡತಿ ಶಾಲೆಯ ಮಾಸ್ತರಿಣಿ. ಅವಳ ಸಾದಾ ಲ್ಯಾಪ್‌ಟಾಪಿನ ಪುಟ್ಟ ಚಾರ್ಜರಿನ ಪಿನ್ನು ನನ್ನದಕ್ಕೆ ಕೂತಿತು. ಚಿಕ್ಕೋಡಿಯ ರಿಪೇರಿಯವನಿಗೆ ಫೋನು ಮಾಡಿದೆ. ನಡೆಯುತ್ತದೆ, ಆದರೆ ಭಾರದ ಕೆಲಸ ಹಚ್ಚಿದರೆ ಹಂಚಿನಂತೆ ಕಾಯುತ್ತದೆ, ನೋಡಿಕೊಂಡು ಮಾಡಿ ಎಂದ. ನಾನು ‘ನಡೆಯುತ್ತದೆ’ ಎಂಬುದನ್ನಷ್ಟೇ ಕೇಳಿಸಿಕೊಂಡೆ. ಪಕ್ಕದಲ್ಲಿದ್ದ ಕಾಕಾ ‘ಕಾಯುತ್ತದೆ’ ಎಂಬುದನ್ನಷ್ಟೇ ಕೇಳಿಸಿಕೊಂಡರು. ಚಾರ್ಜರಿನ ಬೆನ್ನು ತಿರುಗಿಸಿ ಓದಿದವರೇ ಗೋಡೆಗೆ ಒರಗಿದರು.

“ಅರವತ್ತೈದು! ಆನಿ ಹೊಟ್ಟಿಗೆ ಅರೆಕಾಸಿನ ಮಜ್ಜಿಗಿ. ಇದು ಸಾಯ್ತೈತಿ, ಇಲ್ಲಾ ಯಾರನ್ನರೆ ಕೊಲ್ತೈತಿ.”

ಅಂದಿನಿಂದ ನನ್ನ ಕೋಣೆ ಸ್ಫೋಟಕದ ಉಗ್ರಾಣವಾಯಿತು. ಚಾರ್ಜರಿನ ಕೆಳಗೆ ಫರಸಿ ಕಲ್ಲಿನ ತುಂಡು ಬಂತು. ಮಗ್ಗುಲಲ್ಲಿ ಒಣ ಉಸುಕು ತುಂಬಿದ ಬಕೀಟು. ನನ್ನ ಕಾಲಡಿ ಹಳೆಯ ಟ್ರ್ಯಾಕ್ಟರ್ ಟ್ಯೂಬು ಕತ್ತರಿಸಿ ಹಾಸಿದ ರಬ್ಬರ್. ಬಾಗಿಲಲ್ಲಿ ಕಾಕಾ, ಕೈಯಲ್ಲಿ ಒಣಗಿದ ಬಿದಿರಿನ ಕೋಲು. ಅದು ಯಾಕೆಂದು ಕೇಳಿದೆ. ನನಗೆ ಕರೆಂಟು ಹಿಡಿದರೆ ಹೊಡೆದು ಬಿಡಿಸಲಿಕ್ಕಂತೆ! ಬೆನ್ನ ಹಿಂದೆ ಹಾಗೊಬ್ಬರು ಕೋಲು ಹಿಡಿದು ಕಾದಿದ್ದರೆ ಮದುಮಗಳ ನಗೆಗೆ ತಕ್ಕ ಸಂಗೀತ ಹುಡುಕುವುದು ಹೇಗೆ? ನಿಜ ಹೇಳುತ್ತೇನೆ, ಎರಡೇ ದಿನದಲ್ಲಿ ನನಗೂ ಭಯ ಅಂಟಿತು. ಚಾರ್ಜರನ್ನು ಮುಟ್ಟಿ ನೋಡುವಾಗ ನನ್ನ ಕೈಯೂ ತಾನಾಗಿ ಮಗುಚಿಕೊಳ್ಳುತ್ತಿತ್ತು.

ರವಿವಾರ ಬೆಳಿಗ್ಗೆ ಜೋಡಣೆ ಮುಗಿಯಿತು. ಇನ್ನು ತುಣುಕುಗಳನ್ನೆಲ್ಲ ಬೆಸೆದು ಒಂದೇ ವಿಡಿಯೊ ಮಾಡುವ ಕೊನೆಯ ಕೆಲಸ. ಗುಂಡಿ ಒತ್ತಿದರೆ ಮೂರ್ನಾಲ್ಕು ತಾಸು ಅದು ತಾನೇ ಮಾಡಿಕೊಳ್ಳುತ್ತದೆ, ಆದರೆ ಲ್ಯಾಪ್‌ಟಾಪಿಗೆ ಮೈಮುರಿ ದುಡಿತ. ಶುರುಮಾಡಿದೆ. ಬ್ಯಾಟರಿ ನೂರಿತ್ತು. ಚಾರ್ಜರ್ ಹಚ್ಚಿದ್ದರೂ ತೊಂಬತ್ತಾಯಿತು, ಎಂಬತ್ತಾಯಿತು. ಲ್ಯಾಪ್‌ಟಾಪ್ ಬೇಡುವಷ್ಟು ಪುಟ್ಟ ಚಾರ್ಜರ್ ಕೊಡಲಾರದು, ಕೊರತೆ ಬಿದ್ದದ್ದನ್ನು ಬ್ಯಾಟರಿಯಿಂದ ಎಳೆದುಕೊಳ್ಳುತ್ತದೆ ಎಂದು ಕಾಕಾನಿಗೆ ವಿವರಿಸಿದೆ. ಅವರು ಕೇಳಿದರು, ತಲೆಯಾಡಿಸಿದರು, ಒಂದಕ್ಷರವನ್ನೂ ನಂಬಲಿಲ್ಲ. ಇಳಿಯುತ್ತಿದೆ ಎಂದರೆ ಅದು ಎಲ್ಲಿಗೋ ಹೋಗುತ್ತಿದೆ ಎಂಬುದು ಅವರ ವಾದ. ಕುರ್ಚಿ ಎಳೆದುಕೊಂಡು, ಸಂಖ್ಯೆಯನ್ನೇ ನೋಡುತ್ತ ಕೂತರು.

ಮಧ್ಯಾಹ್ನ ನಾನು ಒಳಗೆ ಊಟಕ್ಕೆ ಕುಳಿತಾಗ ಫ್ಯಾನು ನಿಂತಿತು. ನಮ್ಮ ಮನೆಯ ಮುಂದಿನ ಕಂಬದ ತಂತಿಯ ಜೋಡಣೆ ಸುಟ್ಟಿದ್ದರಿಂದ, ಲೈನ್‌ಮನ್ ಓಣಿಯ ತುದಿಯಲ್ಲಿ ಲೈನು ಬಂದ್ ಮಾಡಿ ಕಂಬ ಹತ್ತಿದ್ದ. ಇತ್ತ ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆಯೇ ಗಿರಣಿಯಂತೆ ಓಡುತ್ತಲೇ ಇತ್ತು, ಚಾರ್ಜರಿನ ಪಿನ್ನು ಗೋಡೆಯಲ್ಲೇ ಇತ್ತು, ಸಂಖ್ಯೆ ಮೊದಲಿಗಿಂತ ಬೇಗ ಇಳಿಯತೊಡಗಿತ್ತು. ಕಂಬದ ಮೇಲಿನವನು ಕಿಟಕಿಯಿಂದ ಕಾಣುತ್ತಿದ್ದ, ಕಾಕಾನಿಗೆ ಇನ್ನೇನು ಬೇಕು? ಕೋಣೆಯಲ್ಲಿ ಏನೋ ಧಡಲ್ಲೆಂದಿತು, ಆಮೇಲೆ ಅಂಗಳದಲ್ಲಿ ಅವರ ದನಿ ಕೇಳಿತು.

ಓಡಿಹೋಗಿ ನೋಡಿದೆ. ಚಾರ್ಜರ್ ಗೋಡೆಯಿಂದ ಕಿತ್ತುಬಂದು ನೆಲಕ್ಕೆ ಬಿದ್ದಿತ್ತು. ಕುರ್ಚಿ ಉರುಳಿತ್ತು. ಲ್ಯಾಪ್‌ಟಾಪಿನ ಗುಂಡಿಯನ್ನು ಅದು ಸಾಯುವವರೆಗೆ ಒತ್ತಿಹಿಡಿದು ಹೋಗಿದ್ದರು. ತೆರೆ ಕಪ್ಪು. ಮುಕ್ಕಾಲು ಪಾಲು ಮುಗಿದ ಕೆಲಸ ಹೋಗಲಿ, ಶೇಡಬಾಳದ ಲಗ್ನವೇ ಹೋಯಿತೇ? ಎಂಜಲು ಕೈಯಲ್ಲೇ ಗುಂಡಿ ಒತ್ತಿದೆ. ಕೆಂಪು ದೀಪ ಹತ್ತಿತು. ಒಂದೊಂದೇ ಕಡತ ತೆರೆದು ನೋಡಿದೆ. ಅರಿಶಿನ ಇತ್ತು, ಮಾಲೆ ಇತ್ತು, ಮದುಮಗಳು ಇದ್ದಳು. ಹೋದ ಉಸಿರು ಬಂತು, ಉಸಿರಿನ ಹಿಂದೆಯೇ ಸಿಟ್ಟು ಬಂತು. ಇವತ್ತು ಕಾಕಾನನ್ನು ಬಿಡುವುದಿಲ್ಲ ಎಂದು ಹೊರಗೆ ನುಗ್ಗಿದೆ.

ಕಾಕಾ ಬರಿಗಾಲಲ್ಲಿ ಕಂಬದ ಬುಡದಲ್ಲಿ ನಿಂತಿದ್ದರು. ಅವರನ್ನು ಚಪ್ಪಲಿಯಿಲ್ಲದೆ ಹೊರಗೆ ನಾನು ನೋಡಿದ್ದು ಅದೇ ಮೊದಲು. ಮೇಲಿದ್ದ ಲೈನ್‌ಮನ್ ನಗುತ್ತ, ಲೈನ್ ಬಂದ್ ಮಾಡಿದ್ದೇನೆ, ಎರಡು ಮಿನಿಟಿನ ಕೆಲಸ ಎನ್ನುತ್ತಿದ್ದ.

“ಎರಡ ಮಿನಿಟ್ ಇರ್ಲಿ ತಮ್ಮಾ, ಮೊದಲ ಇಳಿ. ನಿನ್ನ ಕಾಲ ಬೀಳ್ತೀನಿ, ಇಳಿ.”

ಎಪ್ಪತ್ತರ ಹತ್ತಿರದ ಮುದುಕ ಕೈ ಮುಗಿದದ್ದನ್ನು ನೋಡಿ ಅವನ ನಗೆ ನಿಂತಿತು, ಇಳಿದು ಬಂದ. ಕಾಕಾ ಅವನ ಎರಡೂ ಭುಜ ಹಿಡಿದು, ಎಲ್ಲಿಯಾದರೂ ಏನಾದರೂ ಆಗಿದೆಯೋ ಎಂಬಂತೆ ಮೈಯೆಲ್ಲ ನೋಡಿದರು. ಮನೆಯಲ್ಲಿ ಯಾರಿದ್ದಾರೆಂದು ಕೇಳಿದರು. ಹೆಂಡತಿ, ಎರಡು ಮಕ್ಕಳು ಎಂದ. ಕಾಕಾ ಕಟ್ಟೆಯ ಮೇಲೆ ಕೂತರು.

ನಾನು ಬೈಗುಳವನ್ನು ಬಾಯಿತನಕ ತಂದುಕೊಂಡಿದ್ದೆ. ಲ್ಯಾಪ್‌ಟಾಪಿನೊಳಗಿನ ಕರೆಂಟು ಹಿಂದಕ್ಕೆ ತಂತಿಗೆ ಹರಿಯುವುದಿಲ್ಲ ಎಂಬುದನ್ನು ಅವರಿಗೆ ಒಮ್ಮೆ ಅರೆದು ಕುಡಿಸಬೇಕೆಂದಿದ್ದೆ. ಅಷ್ಟರಲ್ಲಿ ಕಾಕಾ ನನ್ನತ್ತ ನೋಡದೆಯೇ ಮಾತಾಡಿದರು.

“ನನ್ನ ಜೋಡಿ ಒಬ್ಬಾಂವ ಇದ್ದ. ಅವ ಕಂಬದ ಮ್ಯಾಲ, ನಾ ಕೆಳಗ. ಲೈನ್ ಬಂದ್ ಇತ್ತು, ಫ್ಯೂಜ್ ನನ್ನ ಕಿಸೆದಾಗ ಇತ್ತು. ಆ ಕಡೆ ಗಿರಣಿಯವ ತನ್ನ ಜನರೇಟರ್ ಚಾಲೂ ಮಾಡಿದ. ಅದರ ಕರೆಂಟ್ ಹಿಂದ ಲೈನಿಗೆ ಬಂತು.” ಅಂಗಿಯ ಕಿಸೆಯನ್ನು ಮುಟ್ಟಿ ನೋಡಿಕೊಂಡರು. “ಎಲ್ಲಾ ಬರೋಬ್ಬರಿ ಮಾಡಿದ್ದೆ ನಾ.”

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನಮಗ್ಯಾರಿಗೂ ಇದು ಗೊತ್ತಿರಲಿಲ್ಲ. ಅವರ ಭಯವನ್ನು ಊರಿಗೆಲ್ಲ ಹೇಳಿ ನಗಿಸಿದವನು ನಾನು. ಈಗ ನನಗೆ ಬಹಳ ನಾಚಿಕೆಯಾಯಿತು. ನನ್ನ ಕೈಯಲ್ಲಿನ ಅನ್ನದ ಅಗುಳು ಒಣಗಿತ್ತು.

ಅವ್ವ ಚಹಾ ತಂದಳು. ಲೈನ್‌ಮನ್ ಕುಡಿದು ಬಶಿ ಕೆಳಗಿಟ್ಟ. ಕೆಲಸ ಅರ್ಧಕ್ಕೆ ನಿಂತಿತ್ತು, ಅವನು ಮತ್ತೆ ಹತ್ತಲೇಬೇಕಿತ್ತು. ಕಾಕಾ ಎದ್ದು ಕಂಬದ ಬುಡಕ್ಕೆ ಬಂದು ನಿಂತರು.

“ನೀ ಒಳಗ ಹೋಗು. ಆ ಹುಡುಗೀದು ಲಗ್ನ ಐತಲ್ಲ ಅದರಾಗ, ಅದನ್ನ ನೋಡ್ಕೊ.”

ನಾನು ಹೋಗಲಿಲ್ಲ. ಬಿಸಿಲಲ್ಲಿ ಅವರ ಪಕ್ಕ ನಿಂತು, ಕತ್ತೆತ್ತಿ, ಹೆಸರೂ ಗೊತ್ತಿಲ್ಲದ ಆ ಮನುಷ್ಯ ಒಂದೊಂದೇ ಹೆಜ್ಜೆ ಮೇಲೇರುವುದನ್ನು ನೋಡಿದೆ. ಅವನು ತಂತಿಗೆ ಕೈ ಚಾಚಿದಾಗ ಕಾಕಾ ಉಸಿರು ಹಿಡಿದರು. ನಾನೂ ಹಿಡಿದೆ.